ಒಳಗೆ ಬಿಡದ ಸರ್ವರು

ಉದಗೀರಿನ ಹೆರಿಗೆ ಆಸ್ಪತ್ರೆಯಿಂದ ಫೋನು ಬಂದಾಗ ನಾನು ಉಮರ್ಗಾದ ನನ್ನ ಅಂಗಡಿಯಲ್ಲಿ ಕುಳಿತು ಒಂದು ಪ್ರಿಂಟರಿನ ಹೊಟ್ಟೆಯಿಂದ ಸತ್ತ ಹಲ್ಲಿ ತೆಗೆಯುತ್ತಿದ್ದೆ.

"ಸರ್, ನಮ್ಮ ಹೊಸಾ ಸರ್ವರ್ ನಮಗೇ ಒಳಗ ಬಿಡವಲ್ದು," ಎಂದಿತು ಒಂದು ಹೆಣ್ಣು ದನಿ.

"ಏನಂತದ ಅದು?"

"ಏನೋ ಇಂಗ್ಲಿಷಿನ್ಯಾಗ ಅಂತದ್ರಿ. ನಾ ಓಕೆ ಒತ್ತತೀನಿ. ಮತ್ತ ಅದೇ ಅಂತದ."

"ಓಕೆ ಒತ್ತೂಕಿಂತ ಮೊದಲ ಏನ್ ಬರದದ ಓದ್ರಿ."

"ಓದೂದ್ರಾಗ ಹೋಗಿಬಿಡತದ್ರಿ ಸರ್. ಕೈಗೆ ರೂಢಿ ಆಗ್ಯಾದ."

ಗಡಿಯಾಚೆಯ ಈ ಮರಾಠಿ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಗಿದೆ. ನಾನು ಮೂಲತಃ ಆಳಂದದ ಕಡೆಯವನು. ಗಿರಾಕಿಗಳ ಜೊತೆ ಮರಾಠಿ, ಹೆಂಡತಿಯ ಜೊತೆ ಕನ್ನಡ, ಕಂಪ್ಯೂಟರಿನ ಜೊತೆ ಬೈಗುಳ. ಈ ಹದಿನಾಲ್ಕು ವರ್ಷದಲ್ಲಿ ಫೋನಿನ ಮೇಲೆ ನಾನು ಸರಿಮಾಡಿದ ಕೆಲಸಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಹಾಗಾಗಿ ನಾಳೆ ಬರುತ್ತೇನೆ ಎಂದೆ. ನನ್ನ ಹೆಸರನ್ನು ಅವರಿಗೆ ಕೊಟ್ಟವರು ನಿಲಂಗಾದ ಒಬ್ಬ ಔಷಧಿ ಅಂಗಡಿಯವರು. ಅವರ ಬಿಲ್ಲಿನ ಮಿಷನ್ನನ್ನು ನಾನು ಒಮ್ಮೆ ಬರೀ ಪ್ಲಗ್ಗು ಸರಿಯಾಗಿ ಚುಚ್ಚಿ ಬದುಕಿಸಿದ್ದೆ. ಅಂದಿನಿಂದ ಅವರು ನನ್ನನ್ನು ದೊಡ್ಡ ಪಂಡಿತನೆಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಮರುದಿನ ನಿಲಂಗಾದಲ್ಲಿ ಬಸ್ಸು ಬದಲಿಸಿ, ವಲಾಂಡಿ ದಾಟಿ ಉದಗೀರಿಗೆ ಮುಟ್ಟುವಾಗ ಹತ್ತೂವರೆ. ಆಸ್ಪತ್ರೆಯ ಡಾಕ್ಟರು ಐವತ್ತೈದರ ಆಸುಪಾಸಿನ ಹೆಂಗಸು, ಭಾಲ್ಕಿ ಕಡೆಯವರು. ಮಾತಾಡುವಾಗಲೂ ನಡೆಯುತ್ತಲೇ ಇರುವವರು. ಅವರ ಹಿಂದೆ ಹಿಂದೆ ಓಡುತ್ತಾ ನಾನು ವಿಷಯ ತಿಳಿದುಕೊಂಡೆ.

"ಲಾತೂರದ ಕಂಪನಿಯವರು ಬಂದು ಸರ್ವರ್ ಕೂಡಿಸಿ ಕೊಟ್ಟು ಹೋಗ್ಯಾರ. ಅವರು ಹೋಗೂ ತನಕಾ ಎಲ್ಲಾ ಚೆಂದ ನಡದಿತ್ತು. ಮರುದಿನಾ ಮುಂಜಾನಿಂದ ಮೂರು ಕಂಪ್ಯೂಟರಿಗೆ ಒಳಗ ಬಿಡವಲ್ದು. ನನ್ನ ಕ್ಯಾಬಿನ್ನಿಂದು, ಲ್ಯಾಬಿಂದು ಎರಡೂ ನಡೀತಾವ. ನೋಡ್ರಿ. ನಂಗ ಸಿಝರ್ ಅದ."

ಇಷ್ಟು ಹೇಳಿ ಆಪರೇಷನ್ ಥಿಯೇಟರಿನ ಬಾಗಿಲು ಹಾಕಿಕೊಂಡರು.

ಸರ್ವರನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದರು. ಮೊದಲು ಅಲ್ಲಿ ಬೆಡ್‌ಶೀಟುಗಳಿದ್ದವಂತೆ. ಈಗ ಅದರ ನೆತ್ತಿಗೆ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ, ಗಾಳಿ ಹೋಗುವ ಕಿಂಡಿಯಲ್ಲಿ ಅಕ್ಕಿಕಾಳು. ಅದಕ್ಕಾಗಿಯೇ ಒಂದು ಎ.ಸಿ. ಹಾಕಿದ್ದರು. ಆಪರೇಷನ್ ಥಿಯೇಟರು ಬಿಟ್ಟರೆ ಇಡೀ ಆಸ್ಪತ್ರೆಯಲ್ಲಿ ತಂಪು ಇದ್ದದ್ದು ಅದೊಂದೇ ಕೋಣೆಯಲ್ಲಿ. ಬಾಣಂತಿಯರ ಕಡೆಯ ಮುದುಕಿಯರು ಇದನ್ನು ಎರಡೇ ದಿನದಲ್ಲಿ ಪತ್ತೆ ಹಚ್ಚಿ, ಬಾಗಿಲ ಸಂದಿಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತಿದ್ದರು. ನಾನು ಒಳಗೆ ಹೋಗಬೇಕಾದರೆ ಮೂವರನ್ನು ಎಬ್ಬಿಸಬೇಕಾಗುತ್ತಿತ್ತು. ಹೊರಗೆ ಬಂದರೆ ಅವರು ಮತ್ತೆ ಕೂರುವ ಮೊದಲು ದಾಟಬೇಕಾಗುತ್ತಿತ್ತು.

ಹಳೆಯ ಪದ್ಧತಿ ಹೀಗಿತ್ತು: ರೋಗಿಗಳ ಕಾಗದ ಪತ್ರವೆಲ್ಲ ಕೌಂಟರಿನ ಕಂಪ್ಯೂಟರಿನಲ್ಲಿ. ಆಸ್ಪತ್ರೆಯೊಳಗಿನ ಔಷಧಿ ಅಂಗಡಿಯವರು, ನರ್ಸುಗಳು, ಯಾರು ಬೇಕಾದರೂ ತಮ್ಮ ತಮ್ಮ ಕಂಪ್ಯೂಟರಿನಿಂದ ತಂತಿಯ ಮೂಲಕ ಅದರೊಳಗೆ ಹೋಗಿ ಬರುತ್ತಿದ್ದರು. ಹಿತ್ತಲ ಬಾಗಿಲು ತೆರೆದೇ ಇರುವ ಮನೆಯ ಹಾಗೆ, ಯಾರನ್ನೂ ಯಾರೂ ಕೇಳುತ್ತಿರಲಿಲ್ಲ. ಹೊಸ ಸರ್ವರಿನ ನಡವಳಿಕೆ ಬೇರೆ. ನೀನು ಯಾರು, ಯಾವ ಕಂಪ್ಯೂಟರಿನಿಂದ ಬಂದೆ, ನಿನ್ನ ಗುರುತು ಏನು ಎಂದು ಕೇಳಿ, ತೃಪ್ತಿಯಾದರೆ ಮಾತ್ರ ಬಾಗಿಲು ತೆಗೆಯುತ್ತದೆ. ಅದು ಒಳಗೆ ಬಿಡದೆ ಇದ್ದದ್ದು ಕೌಂಟರು, ಔಷಧಿ ಅಂಗಡಿ ಮತ್ತು ದೊಡ್ಡ ಸಿಸ್ಟರರ ಕೋಣೆ, ಈ ಮೂರು ಕಡೆಯ ಕಂಪ್ಯೂಟರುಗಳನ್ನು. ಮೂರೂ ಹತ್ತು ವರ್ಷದ ಹಳೆಯವು. ಒಳಗೆ ಬಿಡುತ್ತಿದ್ದ ಎರಡು ಹೋದ ದೀಪಾವಳಿಗೆ ಕೊಂಡವು.

ಹಳೆಯವು ಮೂರೂ ಕೆಟ್ಟಿವೆ, ಹೊಸವು ಎರಡೂ ನೆಟ್ಟಗಿವೆ. ಇದನ್ನು ನೋಡಿದ ಕೂಡಲೇ ನನ್ನ ತಲೆ ವಿಚಾರ ಮಾಡುವುದನ್ನು ನಿಲ್ಲಿಸಿತು. ಹಳೆಯ ಜಾಲ, ಹಳೆಯ ತಂತಿ, ಇನ್ನೇನಿದ್ದೀತು?

ತಂತಿ ಹುಡುಕುತ್ತ ಹೋದೆ. ಕೌಂಟರಿನಿಂದ ಹೊರಟ ತಂತಿ ಕಿಟಕಿಯಿಂದ ಹೊರಗೆ ಬಿದ್ದು, ಹಿಂದಿನ ಓಣಿಯಂಥ ಜಾಗದಲ್ಲಿ ಗೋಡೆಯಿಂದ ಗೋಡೆಗೆ ಜೋತು ಮತ್ತೆ ಒಳಗೆ ಬರುತ್ತಿತ್ತು. ಆ ಜೋತ ಜಾಗದಲ್ಲಿ ಅದು ಕಾಣಿಸಲೇ ಇಲ್ಲ. ಯಾಕೆಂದರೆ ಅದರ ಮೇಲೆ ಕೂಸುಗಳ ಬಟ್ಟೆ ಒಣಗುತ್ತಿದ್ದವು. ಕುಲಾವಿ, ಜಬಲಾ, ಲಂಗೋಟಿ, ನಾಲ್ಕೈದು ಹಳೇ ಸೀರೆಯ ತುಂಡು. ಒದ್ದೆ ಬಟ್ಟೆಯ ಭಾರಕ್ಕೆ ತಂತಿ ಮದುವೆ ಮನೆಯ ತೋರಣದ ಹಾಗೆ ಬಾಗಿತ್ತು.

"ಸಿಕ್ಕಿತು!" ಎಂದು ನಾನು ಗಟ್ಟಿಯಾಗಿ ಕೂಗಿದೆ. ಕೌಂಟರಿನ ಹೆಣ್ಣುಮಗಳು ಕಿಟಕಿಯಿಂದ ಇಣುಕಿದಳು. ಫೋನು ಮಾಡಿದವಳು ಅವಳೇ. ಔರಾದದಿಂದ ಉದಗೀರಿಗೆ ಸೊಸೆಯಾಗಿ ಬಂದವಳು.

"ಯಾವ ಕತ್ತಿ ಈ ವಾಯರ್ ಹಾಕಿದ್ದು?" ಎಂದು ಕೇಳಿದೆ.

"ಗೊತ್ತಿಲ್ರಿ. ನಾ ಬಂದಾಗಿಂದ ಅದು ಬಟ್ಟಿ ಹಾಕೂ ಹಗ್ಗಾನೇ."

ನಾನು ಬಟ್ಟೆ ತೆಗೆಯತೊಡಗಿದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಓಡಿ ಬಂದು ನನ್ನ ಕೈಯಿಂದ ಲಂಗೋಟಿ ಕಸಿದುಕೊಂಡಳು.

"ಏ ತಮ್ಮಾ, ನಮ್ಮ ಕೂಸಿಂದು ಯಾಕ ಮುಟ್ಟತಿ? ನಿಂದು ಎಲ್ಲದ ನೋಡ್ಕೊ!"

"ಅಜ್ಜಿ, ಇದು ಹಗ್ಗಲ್ಲ. ಇದರಾಗ ಕಂಪ್ಯೂಟರಿನ ಮಾತು ಹೋಗತಾವ."

"ಹೋಗ್ಲಿ ಬಿಡು. ನಮ್ಮ ಬಟ್ಟಿ ಏನ್ ಕೇಳಸ್ಕೋತಾವ?"

ಹನ್ನೊಂದು ಬಟ್ಟೆಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಿ, ಪೇಟೆಗೆ ಹೋಗಿ ಹೊಸ ತಂತಿಯ ಸುರುಳಿ ತಂದು, ಗೋಡೆಯ ಒಳಗಡೆಯಿಂದ ಎಳೆದು, ತುದಿಗೆ ಹೊಸ ಕ್ಲಿಪ್ಪು ಒತ್ತಿ ಮುಗಿಸುವಾಗ ಮಧ್ಯಾಹ್ನ ಎರಡಾಗಿತ್ತು. ಹೆಮ್ಮೆಯಿಂದ ಕೌಂಟರಿನ ಹೆಣ್ಣುಮಗಳಿಗೆ ಹೇಳಿದೆ: "ಈಗ ತಗೀರಿ."

ಅವಳು ಒತ್ತಿದಳು. ಒಂದು ಸಣ್ಣ ಚೌಕ ಮೂಡಿತು. ನಾನು ಕಣ್ಣು ಹಾಯಿಸುವಷ್ಟರಲ್ಲಿ ಅವಳ ಬೆರಳು ಓಕೆ ಒತ್ತಿತ್ತು.

"ಬಿಡವಲ್ದು ನೋಡ್ರಿ," ಎಂದಳು.

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ಘನತೆಗೆ ಸಲ್ಲುವಂಥದ್ದು ಏನೂ ಇಲ್ಲ. ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯನ್ನು ಬದಲಾಯಿಸಿದೆ. ಪ್ರಯೋಜನವಾಗಲಿಲ್ಲ. ಔಷಧಿ ಅಂಗಡಿಯ ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ, ಮೂವರು ಮುದುಕಿಯರನ್ನು ಎಬ್ಬಿಸಿ, ನೇರ ಸರ್ವರಿನ ಪಕ್ಕದಲ್ಲೇ ಇಟ್ಟು ಜೋಡಿಸಿದೆ. ಒಂದೇ ಗೇಣು ದೂರದಲ್ಲಿ ಕುಳಿತ ಎರಡೂ ಪರಸ್ಪರ ಕೂಗಿದರೆ ಓಗೊಡುತ್ತಿದ್ದವು. ಆದರೆ ಬಾಗಿಲು ಬಡಿದರೆ ಪ್ರವೇಶವಿಲ್ಲ. ಸರ್ವರಿನ ಹೆಸರು ಬಿಟ್ಟು ಜಾಲದಲ್ಲಿ ಅದಕ್ಕಿರುವ ವಿಳಾಸದ ಅಂಕಿ ಹಾಕಿ ಕರೆದರೆ ಒಳಗೆ ಬಿಡುತ್ತಿತ್ತು. ಹೆಸರು ಹಿಡಿದು ಕರೆದರೆ ಬಿಡುತ್ತಿರಲಿಲ್ಲ. ಅತ್ತೆ ಮಾವನ ಹೆಸರು ಹಿಡಿದು ಕರೆಯಬಾರದು ಎಂಬ ಮರ್ಯಾದೆ ಇದಕ್ಕೂ ಇದೆಯೇ ಎಂದುಕೊಂಡೆ. ಆಸ್ಪತ್ರೆಯ ಹೊಸ ಸಾಫ್ಟ್‌ವೇರಿಗೆ ಹೆಸರೇ ಬೇಕಾಗಿದ್ದರಿಂದ ಅಂಕಿಯ ದಾರಿ ಉಪಯೋಗಕ್ಕೆ ಬರಲಿಲ್ಲ.

ಲಾತೂರಿನವರಿಗೆ ಫೋನು ಮಾಡಿದೆ. "ಸರ್ವರ್ ನವಾ ಆಹೆ. ತುಮಚಂ ನೆಟ್‌ವರ್ಕ್ ಜುನಂ ಆಹೆ," ಎಂದು ಹೇಳಿ ಇಟ್ಟರು. ನಮ್ಮದು ಹೊಸದು, ನಿಮ್ಮದು ಹಳೆಯದು. ಮದುವೆ ಮುರಿಯುವಾಗ ಬೀಗರು ಆಡುವ ಮಾತಿನ ಹಾಗಿತ್ತು.

ದಿನವಿಡೀ ನಾನು ಆ ಹಳೆಯ ಕಂಪ್ಯೂಟರುಗಳನ್ನು ಯಾರು ಮುಟ್ಟಿದ್ದಾರೋ ಅವರನ್ನು ಬೈಯುತ್ತಲೇ ಇದ್ದೆ. ಕೌಂಟರಿನ ಮುಂದೆ, ಔಷಧಿ ಅಂಗಡಿಯ ಮುಂದೆ, ದೊಡ್ಡ ಸಿಸ್ಟರರ ಕೋಣೆಯಲ್ಲಿ ಅವರ ಎದುರಿಗೇ. "ಯಾವನೋ ಅರ್ಧಂಬರ್ಧ ಕಲ್ತಂವ ಇದರಾಗ ಕೈ ಹಾಕ್ಯಾನ್ರಿ ಸಿಸ್ಟರ್. ಸೆಟ್ಟಿಂಗ್ ಎಲ್ಲಾ ಕೆಡಿಸಿಟ್ಟಾನ."

ದೊಡ್ಡ ಸಿಸ್ಟರ್ ಎಂದರೆ ಅಲ್ಲಿಯ ನರ್ಸುಗಳ ಮುಖ್ಯಸ್ಥೆ. ಕಮಲನಗರದವರು, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಆ ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಅವರಿಗೆ ಹೆಚ್ಚು ಹೆದರುತ್ತಿದ್ದರು. ಅವರು ನನ್ನ ಮಾತು ಕೇಳಿ, "ಹೌದೇನ್ರಿ? ಹಂಗೂ ಮಾಡತಾರೇನ್ ಜನಾ," ಎಂದಷ್ಟೇ ಹೇಳಿ ಇಂಜೆಕ್ಷನ್ನಿನ ಲೆಕ್ಕ ಬರೆಯತೊಡಗಿದರು. ಅವರ ತುಟಿಯ ಅಂಚಿನಲ್ಲಿ ಏನೋ ಇತ್ತು. ಅದೇನೆಂದು ನನಗೆ ತಿಳಿಯಲಿಲ್ಲ.

ಸೋತು ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಮರುದಿನ ಮತ್ತೆ ಹೋದೆ.

ಎರಡನೆಯ ದಿನ ಹನ್ನೊಂದೂವರೆಯ ತನಕ ಏನೇನೋ ಮಾಡಿ ದಣಿದು, ಕೌಂಟರಿನ ಎದುರಿನ ಬೆಂಚಿನ ಮೇಲೆ ಕುಳಿತೆ. ಒಂಬತ್ತು ವರ್ಷದ ಹಿಂದೆ ಅದೇ ಬೆಂಚಿನ ಮೇಲೆ ಕುಳಿತು, ಎದ್ದು, ಮತ್ತೆ ಕುಳಿತು ಒಂದಿಡೀ ಮಧ್ಯಾಹ್ನ ಕಳೆದಿದ್ದೆ. ನನ್ನ ಮಗಳು ಹುಟ್ಟಿದ್ದು ಅಲ್ಲೇ. ಹೆಂಡತಿಯ ಅಕ್ಕನನ್ನು ಉದಗೀರಿಗೆ ಕೊಟ್ಟಿದ್ದರಿಂದ ಹೆರಿಗೆ ಅಲ್ಲಿ ಎಂದು ಅತ್ತೆ ತೀರ್ಮಾನಿಸಿದ್ದರು. ಆ ದಿನದ ನೆನಪಿನಲ್ಲಿ ಉಳಿದದ್ದು ಈ ಬೆಂಚು, ಡೆಟಾಲಿನ ವಾಸನೆ ಮತ್ತು ಮೇಲಿನಿಂದ ಕೇಳಿಸಿದ ಅಳು, ಇಷ್ಟೇ ಎಂದುಕೊಂಡಿದ್ದೆ.

ಈಗ ನನ್ನ ಪಕ್ಕದಲ್ಲಿ ಒಬ್ಬ ಯಜಮಾನರು ಕುಳಿತಿದ್ದರು. ವಲಾಂಡಿಯವರು. ಬಿಳಿ ಧೋತರ, ಹಣೆಗೆ ಮೂರು ಬೆರಳಿನ ವಿಭೂತಿ, ಮಣಿಕಟ್ಟಿನಲ್ಲಿ ಸ್ಟೀಲಿನ ದೊಡ್ಡ ಗಡಿಯಾರ. ಮೇಲೆ ಅವರ ಸೊಸೆಗೆ ನೋವು ಹತ್ತಿತ್ತು. ಮೇಲಿನಿಂದ ಕೂಸಿನ ದನಿ ಕೇಳಿಸಿದ ಕೂಡಲೇ ಅವರು ಮೊದಲು ನೋಡಿದ್ದು ಗಡಿಯಾರವನ್ನು. ಆಮೇಲೆ ಕೈ ಮುಗಿದರು. ಆಯಾ ಬಂದು ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ ಎಂದಳು. ಯಜಮಾನರು ನನಗೂ ಒಂದು ಪೇಢೆ ಕೊಟ್ಟರು.

ಸ್ವಲ್ಪ ಹೊತ್ತಿಗೆ ಕೌಂಟರಿನ ಹೆಣ್ಣುಮಗಳು ಒಂದು ಚೀಟಿ ಛಾಪಿಸಿ ಕೊಟ್ಟಳು. ಜಾತಕ ಬರೆಸುವವರಿಗೆ ಬೇಕಾಗುತ್ತದೆಂದು ಅಲ್ಲಿ ಹುಟ್ಟಿದ ವೇಳೆಯ ಚೀಟಿಯನ್ನು ಕೂಡಲೇ ಕೊಡುವ ರೂಢಿ. ಯಜಮಾನರು ಅದನ್ನು ದೂರ ಹಿಡಿದು ಓದಿದರು.

"ಏ ತಂಗಿ, ಇದು ಚೂಕ ಅದ."

"ಏನ್ ಚೂಕ್ರಿ ಕಾಕಾ?"

"ಹನ್ನೊಂದು ಐವತ್ತೆರಡು ಅಂತ ಹಾಕೀದಿ. ಕೂಸು ಅತ್ತಿದ್ದು ಹನ್ನೊಂದು ನಲವತ್ತೆರಡಕ್ಕ. ನಾ ನೋಡೀನಿ."

"ಕಂಪ್ಯೂಟರಿನ್ಯಾಗ ಇದ್ದಂಗ ಹಾಕೀನ್ರಿ."

"ನಿನ್ನ ಕಂಪ್ಯೂಟರ್ ಇನ್ನಾ ಹುಟ್ಟಿದ್ದಿಲ್ಲ, ಆವಾಗಿಂದ ಈ ಘಡಿ ನನ್ನ ಕೈಯಾಗ ಅದ. ದಿನಾ ಮುಂಜಾನಿ ರೇಡಿಯೋಕ್ಕ ಹಚ್ಚಿ ಮಿಳಾಸತೀನಿ. ಒಂದು ಮಿನಿಟ ಹಿಂದಿಲ್ಲ, ಮುಂದಿಲ್ಲ." ನನ್ನ ಕಡೆ ತಿರುಗಿದರು. "ನೀವ ಹೇಳ್ರಿ, ನಿಮ್ಮ ಮೊಬೈಲಿನ್ಯಾಗ ಎಷ್ಟಾಗ್ಯಾವ?"

ತೆಗೆದು ನೋಡಿದೆ. ಹನ್ನೊಂದು ಐವತ್ತು. ಅವರ ಗಡಿಯಾರದಲ್ಲೂ ಹನ್ನೊಂದು ಐವತ್ತು. ಎದ್ದು ಹೋಗಿ ಕೌಂಟರಿನ ಒಳಗೆ ಬಗ್ಗಿ ಪರದೆಯ ಮೂಲೆ ನೋಡಿದೆ. ಹನ್ನೆರಡು. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದೆ. ಹನ್ನೆರಡು.



"ತಂಗಿ," ಎಂದೆ, "ಸರ್ವರ್ ತಗಿ. ಓಕೆ ಒತ್ತಬ್ಯಾಡ. ಎರಡೂ ಕೈ ಮ್ಯಾಲ ಎತ್ತು."

ಅವಳು ಸರ್ವರಿನ ಬಾಗಿಲು ಬಡಿದು, ಪೋಲೀಸರು ಹಿಡಿದವರ ಹಾಗೆ ಎರಡೂ ಕೈ ಎತ್ತಿ ನಿಂತಳು. ಚೌಕ ಮೂಡಿತು. ಮೊದಲ ಸಾಲಿನಲ್ಲಿ ಪ್ರವೇಶವಿಲ್ಲ ಎಂದಿತ್ತು. ಎರಡು ದಿನದಿಂದ ನಾನು ಓದಿದ್ದು ಅದೊಂದೇ ಸಾಲು. ಅದರ ಕೆಳಗೆ ಮತ್ತೆರಡು ಸಾಲುಗಳಿದ್ದವು. ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ಕಂಪ್ಯೂಟರಿನ ವೇಳೆಗೂ ಸರ್ವರಿನ ವೇಳೆಗೂ ವ್ಯತ್ಯಾಸವಿದೆ.

ಇಂಥ ಸರ್ವರುಗಳು ಒಳಗೆ ಬರುವವರ ಗುರುತಿನ ಮೇಲೆ ವೇಳೆಯ ಮುದ್ರೆ ಒತ್ತುತ್ತವೆ. ಐದು ನಿಮಿಷದ ತನಕ ಹೆಚ್ಚುಕಡಿಮೆ ಸಹಿಸುತ್ತವೆ. ಅದಕ್ಕಿಂತ ಹೆಚ್ಚಾದರೆ ಇವನು ಕಳ್ಳ ಎಂದು ಬಾಗಿಲು ಹಾಕುತ್ತವೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಎರಡು ದಿನ ಲಂಗೋಟಿ ಬಿಚ್ಚಿದ್ದೆ.

"ಇಲ್ಲಿ ಘಡಿಗಳೆಲ್ಲಾ ಹತ್ತು ನಿಮಿಷ ಮುಂದ ಯಾಕ ಅವ?" ಎಂದು ಕೇಳಿದೆ.

ಕೌಂಟರಿನ ಹೆಣ್ಣುಮಗಳು ಕೈ ಇಳಿಸಿ, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದಳು. "ಅದು ದೊಡ್ಡ ಸಿಸ್ಟರ್ ಟೈಮ್ ರೀ."

ಅಷ್ಟರಲ್ಲಿ ಡಾಕ್ಟರು ಮೇಲಿನಿಂದ ಇಳಿದು ಬಂದರು. ವಿಷಯ ಹೇಳಿದೆ. ಅವರು ಮೊದಲ ಸಲ ನಡೆಯುವುದನ್ನು ನಿಲ್ಲಿಸಿದರು.

"ಇದ್ಯಾನ ಹೊಸಾದಲ್ಲ. ಇಲ್ಲಿ ಘಡಿ ಮುಂದ ಅದ ಅಂತ ಎಲ್ಲಾರಿಗೂ ಗೊತ್ತದ. ನಾನೂ ಹತ್ತು ಮಿನಿಟ ಕಳದೇ ನೋಡತೀನಿ."

"ನರ್ಸಗಳು?"

"ಅವರೂ ಕಳೀತಾರ."

ಔಷಧಿ ಅಂಗಡಿಯವನೂ ಕಳೆಯುತ್ತಿದ್ದ. ಆಯಾಗಳೂ ಕಳೆಯುತ್ತಿದ್ದರು. ಹೊರಗೆ ಚಹಾ ಮಾರುವವನು ಕೂಡ ಕಳೆದೇ ಚಹಾ ತರುತ್ತಿದ್ದ. ಆ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಕಳೆಯಲು ಬಾರದೆ ಇದ್ದದ್ದು ಹೊಸ ಸರ್ವರಿಗೆ ಮಾತ್ರ.

ದೊಡ್ಡ ಸಿಸ್ಟರರ ಕೋಣೆಗೆ ಎಲ್ಲರೂ ಹೋದೆವು. ವಲಾಂಡಿಯ ಯಜಮಾನರೂ ಚೀಟಿ ಹಿಡಿದು ಬಂದರು. ಸಿಸ್ಟರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಎಲ್ಲ ಹೇಳಿದರು. ಮೊದಲೆಲ್ಲ ಬೆಳಗಿನ ಪಾಳಿಯವರು ತಡ ಮಾಡಿ ಬರುತ್ತಿದ್ದರಂತೆ. ರಾತ್ರಿ ಪಾಳಿಯ ಹೆಣ್ಣುಮಕ್ಕಳು ಅವರ ದಾರಿ ಕಾಯುತ್ತಾ ಬಸ್ಸು ತಪ್ಪಿಸಿಕೊಂಡು ಬಾಗಿಲಲ್ಲಿ ನಿಂತು ಅಳುತ್ತಿದ್ದರಂತೆ. ಅದಕ್ಕೆ ಗಡಿಯಾರ ಮುಂದೆ ಇಟ್ಟರು. ಎರಡು ತಿಂಗಳು ಚೆನ್ನಾಗಿ ನಡೆಯಿತು.

"ಆಮ್ಯಾಲ ಎಲ್ಲಾರೂ ಕಲ್ತುಬಿಟ್ರು," ಎಂದರು.

"ಮತ್ತ ಹಿಂದ ಇಡಬೇಕಿತ್ತಲ್ರಿ," ಎಂದರು ಡಾಕ್ಟರು.

"ಹಿಂದ ಇಟ್ರ ಹ್ಯಾಂಗ್ರಿ ಮ್ಯಾಡಮ್? ಅವರಿಗೆ ಕಳಿಯೂ ರೂಢಿ ಆಗ್ಯಾದ. ಖರೇ ಟೈಮಿನ್ಯಾಗೂ ಹತ್ತು ಮಿನಿಟ ಕಳದು ಬರತಾರ!"

 

"ಗ್ವಾಡಿ ಘಡಿ ಇರ್ಲಿ," ಎಂದೆ ನಾನು. "ಕಂಪ್ಯೂಟರ್ ತಾನೇ ಇಂಟರ್ನೆಟ್ಟಿಂದ ಟೈಮ್ ಸರಿ ಮಾಡ್ಕೋತದ. ಅದು ಹ್ಯಾಂಗ ಮುಂದ ನಿಂತದ? ಯಾವನೋ ಅದನ್ನ ಬಂದ್ ಮಾಡಿಟ್ಟಾನ. ಆ ಕತ್ತಿ ಯಾರಂತ ನನಗ..."

"ನೀವ," ಎಂದರು ದೊಡ್ಡ ಸಿಸ್ಟರ್.

ಅವರು ಕನ್ನಡಕ ಏರಿಸಿಕೊಂಡು ನನ್ನ ಕಡೆ ತಿರುಗಿದರು.

"ನೀವ ಮಾಡಿಕೊಟ್ಟಿದ್ರಿ. ಮರತ್ರೇನು? ನಿಮ್ಮ ಮನಿಯವರಿಗೆ ಮ್ಯಾಲ ನೋವು ಹತ್ತಿತ್ತು. ನೀವು ಇಲ್ಲಿ ಕೆಳಗ ಬೆಂಚಿಗೂ ಬಾಗಲಿಗೂ ಫೇರಿ ಹಾಕ್ಲಿಕ್ಕೆ ಹತ್ತಿದ್ರಿ. ನೋಡಿ ನೋಡಿ ನನಗ ತಲಿ ಸುತ್ತು ಬಂತು. ಏನ್ ಕೆಲಸಾ ಮಾಡತೀರಿ ಅಂದೆ. ಕಂಪ್ಯೂಟರ್ ಅಂದ್ರಿ. ಹಂಗಾದ್ರ ಬರ್ರಿ, ಇದು ನಾ ಟೈಮ್ ಮುಂದ ಇಟ್ರ ತಾನೇ ಹಿಂದ ಬರತದ, ನಿಲ್ಲಸ್ರಿ ಅಂದೆ. ಮೂರಕ್ಕೂ ಕುಂತು ಮಾಡಿ ಕೊಟ್ರಿ. ಇನ್ನ ಇದು ಹುಟ್ಟಿಸಿದಪ್ಪ ಬಂದ್ರೂ ಹಿಂದ ಬರೂದಿಲ್ರಿ ಸಿಸ್ಟರ್ ಅಂತ ಹೇಳಿದ್ರಿ."

ಹೇಳಿದ್ದು ನಿಜ. ಅವರು ಹೇಳುತ್ತ ಹೋದಂತೆ ನನಗೆ ಪ್ರತಿಯೊಂದೂ ನೆನಪಾಯಿತು. ಒಳಗೆ ಹೆಂಡತಿ, ಹೊರಗೆ ಈ ಕನ್ನಡಕದ ಹೆಂಗಸು. ಇವರ ಮರ್ಜಿ ಇದ್ದರೆ ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡಾರು ಎಂಬ ಆಸೆ. ಕೈಗೆ ಕೆಲಸ ಸಿಕ್ಕಿತಲ್ಲ ಎಂಬ ಸಮಾಧಾನ ಬೇರೆ. ಅವರು ಕೇಳಿದ್ದರೆ ಆಸ್ಪತ್ರೆಯ ಸೂರಿನ ಹಂಚನ್ನೂ ಬಿಚ್ಚಿಕೊಡುತ್ತಿದ್ದೆ. ಲಾತೂರಿನವರು ಸರ್ವರು ಕೂಡಿಸಿದ ದಿನ ಮೂರೂ ಕಂಪ್ಯೂಟರಿನ ವೇಳೆ ಸರಿಮಾಡಿ, ನಡೆಯುವುದನ್ನು ತೋರಿಸಿ ಹೋಗಿದ್ದರು. ಮರುದಿನ ಬೆಳಿಗ್ಗೆ ಸಿಸ್ಟರು ಬಂದು ತಮ್ಮ ಕೈಯಾರೆ ಮತ್ತೆ ಹತ್ತು ನಿಮಿಷ ಮುಂದೆ ಇಟ್ಟಿದ್ದರು. ನಾನು ಒಂಬತ್ತು ವರ್ಷದ ಹಿಂದೆ ಹಾಕಿದ ಬೀಗ ಗಟ್ಟಿಯಾಗಿತ್ತು. ಅದು ಹಿಂದೆ ಬರಲಿಲ್ಲ.

"ನಿನ್ನೀನೇ ಯಾಕ ಹೇಳಲಿಲ್ರಿ ಸಿಸ್ಟರ್?"

"ನೀವು ಬೈಯೂದ್ರಾಗ ಮಗ್ನ ಇದ್ರಿ. ನಡಬರಕ ಯಾಕ ಬಾಯಿ ಹಾಕಬೇಕಂತ ಬಿಟ್ಟೆ."

ಮೊದಲು ನಕ್ಕವರು ಡಾಕ್ಟರು. ಆಮೇಲೆ ಕೌಂಟರಿನ ಹೆಣ್ಣುಮಗಳು ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಓಡಿದಳು. ವಲಾಂಡಿಯ ಯಜಮಾನರಿಗೆ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಆದರೂ ಮರ್ಯಾದೆಗೆಂದು ನಕ್ಕರು.

ದುರಸ್ತಿಗೆ ಹಿಡಿದದ್ದು ಮೂರು ಕಂಪ್ಯೂಟರಿಗೂ ಸೇರಿ ಕಾಲು ಗಂಟೆ. ವೇಳೆಯನ್ನು ಸರ್ವರಿನಿಂದಲೇ ತೆಗೆದುಕೊಳ್ಳಬೇಕೆಂದು ಹೇಳಿಟ್ಟೆ. ಬೇರೆ ಯಾರೂ ತಿದ್ದದ ಹಾಗೆ ಮಾಡಿದೆ. ಮೂರಕ್ಕೂ ಬಾಗಿಲು ತೆರೆಯಿತು. ಎರಡು ದಿನದಲ್ಲಿ ನಾನು ಎಳೆದ ಹೊಸ ತಂತಿ, ಬದಲಾಯಿಸಿದ ಪೆಟ್ಟಿಗೆ ಯಾವುದೂ ಇದಕ್ಕೆ ಬೇಕಾಗಿರಲಿಲ್ಲ.

ಯಜಮಾನರ ಚೀಟಿಯ ವಿಷಯ ಉಳಿದಿತ್ತು. ದೊಡ್ಡ ಸಿಸ್ಟರು ಆಗ ತುಂಬ ಗಂಭೀರವಾದರು. ಹೆರಿಗೆ ಕೋಣೆಯ ಗಡಿಯಾರವನ್ನು ತಾನು ಎಂದೂ ಮುಟ್ಟಿಲ್ಲ ಎಂದರು. "ಅಲ್ಲಿ ಆಟಾ ನಡಿಯೂದಿಲ್ಲ. ಕೂಸಿನ ವ್ಯಾಳೆ ನಾನೇ ರಿಜಿಸ್ಟರಿನ್ಯಾಗ ಬರೀತೀನಿ, ಖರೇ ಟೈಮ್." ರಿಜಿಸ್ಟರು ತೆರೆದು ತೋರಿಸಿದರು. ಹನ್ನೊಂದು ನಲವತ್ತೆರಡು. ಯಜಮಾನರ ಗಡಿಯಾರ ಗೆದ್ದಿತು. ತಪ್ಪಿದ್ದು ಕೌಂಟರಿನಲ್ಲಿ. ಮೇಲಿನಿಂದ ಕೂಸು ಹುಟ್ಟಿತೆಂದು ಕೂಗಿ ಹೇಳಿದರೆ ಕೌಂಟರಿನವರು ತಮ್ಮ ಪರದೆ ನೋಡಿ ಚೀಟಿ ಛಾಪಿಸುತ್ತಿದ್ದರು. ಹತ್ತು ಕಳೆಯಲು ನೆನಪಾದವರು ಕಳೆಯುತ್ತಿದ್ದರು, ನೆನಪಾಗದವರು ಬಿಡುತ್ತಿದ್ದರು.

ಯಜಮಾನರು ಹೊಸ ಚೀಟಿ ತೆಗೆದುಕೊಂಡು ಹೋದರು. ನಾನು ಹೋಗಲಿಲ್ಲ. ನನ್ನ ಮಗಳ ಚೀಟಿಯೂ ಅದೇ ಕೌಂಟರಿನಿಂದ ಬಂದದ್ದು ಎಂಬುದು ಆಗ ತಾನೇ ನನಗೆ ಹೊಳೆದಿತ್ತು. ಮನಸ್ಸಿನಲ್ಲೇ ಬೇಡ ಬೇಡ ಎನ್ನುತ್ತಲೇ ಸಿಸ್ಟರರಿಗೆ ಹಳೆಯ ರಿಜಿಸ್ಟರು ತೋರಿಸಿ ಎಂದೆ. ಅವರು ಕಪಾಟಿನ ತಳದಿಂದ ಎಳೆದು, ಧೂಳು ಜಾಡಿಸಿ, ಬೆರಳು ಓಡಿಸುತ್ತಾ ಹೋಗಿ ನನ್ನ ಹೆಂಡತಿಯ ಹೆಸರಿನ ಮೇಲೆ ನಿಲ್ಲಿಸಿದರು. ಮಧ್ಯಾಹ್ನ ನಾಲ್ಕು ಹದಿನೆಂಟು.

ನನಗೆ ಬಾಯಿಪಾಠವಾಗಿದ್ದ ವೇಳೆ ನಾಲ್ಕು ಇಪ್ಪತ್ತೆಂಟು. ಅತ್ತೆ ಅದನ್ನು ಹಿಡಿದುಕೊಂಡೇ ಜಾತಕ ಬರೆಸಿದ್ದರು. ನಾನು ಆ ಕಂಪ್ಯೂಟರಿನ ವೇಳೆಗೆ ಬೀಗ ಹಾಕಿದ್ದು ಮೂರೂವರೆಯ ಸುಮಾರಿಗೆ. ಕಳೆಯಲು ಅಂದು ಯಾರಿಗೂ ಇನ್ನೂ ರೂಢಿಯಾಗಿರಲಿಲ್ಲ. ಸ್ವಂತ ಮಗಳ ಜನ್ಮಕಾಲವನ್ನು, ಅವಳು ಹುಟ್ಟುವ ಮುಕ್ಕಾಲು ಗಂಟೆ ಮೊದಲೇ, ನಾನೇ ಕೆಡಿಸಿಟ್ಟಿದ್ದೆ.

"ಮನ್ಯಾಗ ಹೇಳಬ್ಯಾಡ್ರಿ," ಎಂದು ಸಲಹೆ ಕೊಟ್ಟರು ಸಿಸ್ಟರು.

ಹೇಳಬಾರದೆಂದೇ ಊರಿಗೆ ಬಂದೆ. ಊಟಕ್ಕೆ ಕುಳಿತಾಗ ಹೆಂಡತಿ, ಏನಾಗಿತ್ತು ಆ ಸರ್ವರಿಗೆ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ತೆರೆದೆ.  ಆದರೆ ನಿಜವನ್ನೇ ಹೇಳಿಬಿಟ್ಟೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಟ್ರಂಕಿನಿಂದ ಜಾತಕ ತಂದು ನನ್ನ ಮುಂದೆ ಬಿಡಿಸಿದಳು.

"ಓದ್ರಿ ಇಲ್ಲಿ. ಶಾಂತ ಸ್ವಭಾವ. ಮಿತಭಾಷಿ. ಹಿರಿಯರ ಮಾತು ಮೀರುವವಳಲ್ಲ. ಒಂಬತ್ತು ವರ್ಷ ಆತು ನಾ ಇದನ್ನ ಓದಿ ಓದಿ ತಲಿ ಕೆಡಿಸ್ಕೊಂಡೀನಿ. ಈ ಪತ್ರಿಕಿ ನಮ್ಮ ಹುಡುಗೀದಲ್ಲ ಅಂತ ನಾ ಆವಾಗೇ ಅಂದಿದ್ದೆ!"

ನಮ್ಮ ಶಾಂತ ಸ್ವಭಾವದ ಮಗಳು ಆ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ನಿಂತು ಎದುರು ಮನೆಯ ಇಬ್ಬರು ಹುಡುಗರ ಜೊತೆ ಒಬ್ಬಳೇ ಜಗಳವಾಡುತ್ತಿದ್ದಳು. ಬೈಗುಳ ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು.

ವಿಷಯ ಅತ್ತೆಯ ಊರಾದ ಮಾಕಣಿಗೆ ಮುಟ್ಟಲು ಎರಡು ದಿನ ಸಾಕಾಯಿತು. ಅತ್ತೆ ಮೊದಲ ಬಸ್ಸಿಗೆ ಬಂದಿಳಿದರು. ನನ್ನನ್ನು ನೋಡದೆ, ಗೋಡೆಗೆ ಹೇಳುವ ಹಾಗೆ, "ಕಂಪ್ಯೂಟರ್ ಕಲ್ತಂವಗ ಕೊಡಬ್ಯಾಡಂತ ಆವಾಗ ಅಂದವರು ಶಾಣ್ಯಾರಿದ್ರು," ಎಂದರು. ಆಮೇಲೆ ಹೊಸ ವೇಳೆಯನ್ನು ಚೀಟಿಯಲ್ಲಿ ಬರೆಸಿಕೊಂಡು, ಮೊಮ್ಮಗಳ ಕೈ ಹಿಡಿದು, ನನ್ನನ್ನೂ ಜೊತೆಗೆ ಕರೆದುಕೊಂಡು, ಹಳೆಯ ಜಾತಕದೊಂದಿಗೆ ಅದನ್ನು ಬರೆದ ಶಾಸ್ತ್ರಿಗಳ ಮನೆಗೆ ನಡೆದರು.

ಶಾಸ್ತ್ರಿಗಳು ಪಂಚಾಂಗ ತೆಗೆದು ಒಂದು ಹಾಳೆಯ ಮೇಲೆ ಬಹಳ ಹೊತ್ತು ಲೆಕ್ಕ ಹಾಕಿದರು. ಮಗಳು ಅಷ್ಟರಲ್ಲಿ ಅವರ ಕನ್ನಡಕದ ನಂಬರು ಎಷ್ಟು, ಬೆಕ್ಕಿಗೂ ಜಾತಕ ಬರೆಯುತ್ತೀರಾ, ಒಂದೇ ವೇಳೆಗೆ ಹುಟ್ಟಿದ ಇಬ್ಬರಿಗೆ ಒಂದೇ ದಿನ ಹಲ್ಲು ಬೀಳುತ್ತದೆಯೇ ಎಂದು ಕೇಳಿ ಮುಗಿಸಿದ್ದಳು. ಕೊನೆಗೆ ಶಾಸ್ತ್ರಿಗಳು ತಲೆ ಎತ್ತಿದರು.

"ಹತ್ತು ಮಿನಿಟಕ್ಕ ಏನೂ ಬದಲ ಆಗೂದಿಲ್ರಿ ಬಾಯಿ. ರಾಶಿ ಅದೇ, ನಕ್ಷತ್ರ ಅದೇ."

"ಮತ್ತ ಸ್ವಭಾವ?" ಎಂದು ಅತ್ತೆ ಕೇಳಿದರು.

ಶಾಸ್ತ್ರಿಗಳು ನನ್ನ ಮಗಳ ಕಡೆ ನೋಡಿದರು. ಅವಳು ಅವರ ಲೆಕ್ಕದ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದು ಅಂಕಿಯ ಮೇಲೆ ಬೆರಳಿಟ್ಟು, ಇಲ್ಲಿ ಕೂಡಿಸಿದ್ದು ತಪ್ಪಿದೆ ಎಂದು ಹೇಳುತ್ತಿದ್ದಳು. ಅವರು ಪೆನ್ನಿನ ಟೋಪಿ ತೆಗೆದು ಹಳೆಯ ಜಾತಕದ ಮಿತಭಾಷಿ ಎಂಬ ಪದದ ಮೇಲೆ ಒಂದು ಗೀಟು ಎಳೆದರು. ಮೇಲೆ ಏನೂ ಬರೆಯಲಿಲ್ಲ.